ಕಡಲಿಲ್ಲದ ಸೀಮೆಯ ತೆಂಗು

ತೆಂಗಿನ ಮರದ ಫೋಟೋ ಅಂದರೆ ಲೋಕಕ್ಕೆಲ್ಲ ಕಡಲತೀರದ ಫೋಟೋ. ಮುಳುಗುವ ಸೂರ್ಯ, ಓರೆಯಾಗಿ ಬಾಗಿದ ಮರ, ಕೆಳಗೆ ಬೆಳ್ನೊರೆ. ಕ್ಯಾಲೆಂಡರಿನಲ್ಲೆಲ್ಲ ಅದೇ. ನಮ್ಮ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಯ ತೆಂಗು ಕಡಲ ಗಾಳಿ ಕಂಡದ್ದಲ್ಲ. ಅದು ಬಯಲುಸೀಮೆಯ ಮರ. ಅದರ ನೆಂಟಸ್ತಿಕೆಯೆಲ್ಲ ರಾಗಿ ಹೊಲ, ಕೆರೆ ಏರಿ, ಬೋರ್‌ವೆಲ್‌ಗಳ ಜೊತೆ. ಈ ಮರವನ್ನು ಈ ಮಣ್ಣಿನದಾಗಿಯೇ ತೋರಿಸಬೇಕೆಂಬ ಆಸೆ ಹುಟ್ಟಿದ ಮೇಲೆ ಕ್ಯಾಮೆರಾ ನನ್ನ ಹೆಗಲು ಬಿಟ್ಟಿಲ್ಲ.

ಮನಸೋತದ್ದು ಮೊದಲು ಕಾಂಡಕ್ಕೆ. ಗರಿ ಕಳಚಿ ಬಿದ್ದಲ್ಲೆಲ್ಲ ಕಾಂಡದ ಸುತ್ತ ಒಂದು ಗುರುತು ಉಳಿಯುತ್ತದೆ. ಚೆನ್ನಾಗಿ ಬೆಳೆಯುವ ಮರ ವರ್ಷಕ್ಕೆ ಹೆಚ್ಚುಕಡಿಮೆ 12 ಗರಿ ಬಿಡುತ್ತದೆ. ನೀರುಂಡ ವರ್ಷಗಳ ಗುರುತುಗಳು ಬಿಡಿಬಿಡಿಯಾಗಿರುತ್ತವೆ. ಬರ ಬಂದ ಕಾಲದವು ಒತ್ತೊತ್ತಾಗಿ, ಅಲ್ಲಿ ಕಾಂಡವೂ ಸಣಕಲು. ಬೆಳಗಿನ ಎಳೆಬಿಸಿಲು ಪಕ್ಕದಿಂದ ಬಿದ್ದಾಗ ಒಂದೊಂದು ಗುರುತಿಗೂ ನೆರಳಿನ ಗೆರೆ ಮೂಡುತ್ತದೆ. ಆಗ ಕಪ್ಪುಬಿಳುಪಿನಲ್ಲಿ ತೆಗೆದರೆ ಊರಿನ ಮಳೆಬೆಳೆಯೆಲ್ಲ ಬುಡದಿಂದ ಸುಳಿಯವರೆಗೆ ಕಾಣಿಸುತ್ತದೆ. ಬಣ್ಣ ಇದ್ದರೆ ಕಣ್ಣು ಹಸಿರಿನ ಕಡೆ ಓಡಿಬಿಡುತ್ತದೆ.

ಅಮೆರಿಕದ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗಿಟ್ಟು ಫೋಟೋ ತೆಗೆದ. ಅದು ಇವತ್ತಿಗೂ ಜಗತ್ಪ್ರಸಿದ್ಧ. ಅಡುಗೆಮನೆಯ ಕಾಯಿಗೆ ಅಷ್ಟು ಘನತೆ ಬರುವುದಾದರೆ ನಮ್ಮ ಉಂಡೆ ಕೊಬ್ಬರಿಗೆ ಯಾಕೆ ಬಾರದು? ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ 10-12 ತಿಂಗಳು ಅದರ ಪಾಡಿಗೆ ಅದು. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅಟ್ಟದಲ್ಲಿ ಹೆಂಚಿನ ಸಂದಿಯಿಂದ ಇಳಿದಷ್ಟೇ ಬೆಳಕು. ಟ್ರೈಪಾಡ್ ಊರಿ, ಶಟರ್ ತೆರೆದಿಟ್ಟು, ಉಸಿರು ಹಿಡಿದು ಕಾಯುವ ಆ ಕೆಲವು ಸೆಕೆಂಡುಗಳ ಸುಖವೇ ಬೇರೆ. ಒಂದು ಮನೆಯಲ್ಲಿ ಅಜ್ಜಿ, “ತಾಳಪ್ಪ, ಚೆನ್ನಾಗಿರೋದು ಆರಿಸ್ಕೊಡ್ತೀನಿ” ಎಂದು ಒಂದು ಉಂಡೆಯನ್ನು ಸೆರಗಿನಲ್ಲಿ ಒರೆಸಿ ಕೊಟ್ಟರು. ಒರೆಸಿದ್ದೇ ತಡ, ಅದರ ಕಂದು ಮೈಮೇಲೆ ನರನರವಾಗಿ ಹಬ್ಬಿದ ಗೆರೆಗಳೆಲ್ಲ ಎದ್ದು ನಿಂತವು. ಆ ಮಿರುಗನ್ನು ಯಾವ ಸ್ಟುಡಿಯೋ ದೀಪವೂ ಕೊಡಲಾರದು.

ಜನರ ಕಡೆ ಲೆನ್ಸ್ ತಿರುಗಿಸುವಾಗ ಮಾತ್ರ ಎಚ್ಚರ ಬೇಕು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ 2000–2004ರಲ್ಲಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಫೋಟೋ ಸರಣಿಯನ್ನು ನೋಡಿದ ಮೇಲೆ ಈ ಎಚ್ಚರ ನನಗೆ ಗಟ್ಟಿಯಾಯಿತು. ರವಿವರ್ಮನ ಚಿತ್ರದ ಹೆಣ್ಣು, ಬ್ರಿಟಿಷರ ಕಾಲದ ಜನಾಂಗ ಅಧ್ಯಯನದ ಫೋಟೋಗಳ ಹೆಣ್ಣು, ಎಲ್ಲರ ವೇಷವನ್ನೂ ತಾವೇ ತೊಟ್ಟು ಪರದೆಯ ಮುಂದೆ ನಿಂತವರು ಪುಷ್ಪಮಾಲಾ. ಒಂದು ಸೀಮೆಯ ಮುಖ ಇಂಥದ್ದು ಅಂತ ಕ್ಯಾಮೆರಾದವರು ಎಷ್ಟು ಸಲೀಸಾಗಿ ಕಟ್ಟಿಬಿಡುತ್ತಾರೆ ಅನ್ನುವುದು ಅಲ್ಲಿ ಬಯಲಾಗುತ್ತದೆ. ಹಾಗಾಗಿ ಕಾಯಿ ಕೀಳುವವರ ತಲೆಗೆ ನಾನು ಪೇಟ ಸುತ್ತಿಸುವುದಿಲ್ಲ. ಕ್ರಿಕೆಟ್ ತಂಡದ ಟೀ ಶರ್ಟಿನಲ್ಲಿ ಮರ ಹತ್ತಿದರೆ ಅದೇ ಚಿತ್ರ.

ನಡುಮಧ್ಯಾಹ್ನದ ಬಿಸಿಲೆಂದರೆ ಫೋಟೋ ತೆಗೆಯುವವರಿಗೆ ಆಗದು. ನನಗೆ ಅದೂ ಬೇಕು. ಗರಿಗಳ ಸಂದಿ ಯಾವ ಆಕಾರದಲ್ಲೇ ಇರಲಿ, ಎತ್ತರದಿಂದ ನೆಲಕ್ಕೆ ಬೀಳುವ ಬೆಳಕಿನ ಬೊಟ್ಟು ದುಂಡಗೇ ಇರುತ್ತದೆ. ಅದು ಸೂರ್ಯನದೇ ಬಿಂಬ. 2019ರ ಡಿಸೆಂಬರ್ 26ರ ಬೆಳಿಗ್ಗೆ ಗ್ರಹಣ ಹಿಡಿದಾಗ, ಮೋಡ ಸರಿದಾಗಲೆಲ್ಲ, ತೋಟದ ನೆಲದ ಬೊಟ್ಟುಗಳು ಒಟ್ಟಿಗೇ ಕುಡುಗೋಲಿನಂತೆ ಬಾಗಿದವು. ಕೈಯಲ್ಲಿ ಕ್ಯಾಮೆರಾ ಹಿಡಿದು ನಾನು ನಿಂತಿದ್ದುದೇ ಒಂದು ದೊಡ್ಡ ಕ್ಯಾಮೆರಾದೊಳಗೆ!

ಈ ಚಿತ್ರಗಳನ್ನು ಗ್ಯಾಲರಿಗಿಂತ ಮುಂಚೆ ತಿಪಟೂರಿನ ಎಪಿಎಂಸಿ ಯಾರ್ಡಿನಲ್ಲಿ, ಕೊಬ್ಬರಿ ಹರಾಜಿನ ದಿನ ತೂಗುಹಾಕಬೇಕೆಂದಿದ್ದೇನೆ. ಕಾಂಡದ್ದು ಆಳೆತ್ತರದ ಪ್ರಿಂಟು, ಕೊಬ್ಬರಿಯದು ಅಂಗೈಯಗಲ. ಯಾವ ವರ್ಷ ಮಳೆ ಕೈಕೊಟ್ಟಿತು ಅಂತ ಕಾಂಡದ ಮೇಲೆ ಬೆರಳಿಟ್ಟು ಹೇಳಬಲ್ಲವರು ಬರುವುದು ಅಲ್ಲಿಗೇ.