ಹೆಸರಿಡುವ ಹೊತ್ತು

ಕುರುಗೋಡಿನ ಗುಡ್ಡದ ಬುಡದಲ್ಲಿ ಸಂಜೆ ಅಡ್ಡಾಡಿ ಬರುವುದು ನನ್ನ ಬಹುದಿನದ ಅಭ್ಯಾಸ. ರಜೆಗೆ ಬಂದ ಮೊಮ್ಮಗ ಮೊನ್ನೆ ನನ್ನ ಜೊತೆ ಹೊರಟ. ನನಗೆ ಗುಡ್ಡವೆಂದರೆ ಗಾಳಿ. ಅವನಿಗೆ ಗುಡ್ಡವೆಂದರೆ ಕಲ್ಲು. ಹತ್ತು ನಿಮಿಷ ಕಳೆದಿರಲಿಲ್ಲ, ಒಂದು ದುಂಡುಗಲ್ಲನ್ನು ಎದೆಗವಚಿಕೊಂಡು ಬಂದು, "ತಾತಾ, ಇದು ಡೈನೋಸಾರ್ ತತ್ತಿ ಐತಿ ನೋಡು" ಎಂದ.

"ಹೌದಪ್ಪಾ" ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನ ನಾಲಗೆ ಸುಮ್ಮನಿರಬೇಕಲ್ಲ! ನಮ್ಮ ಸೀಮೆಯ ಗ್ರಾನೈಟು ಭೂಮಿಯ ಒಡಲಲ್ಲಿ ಕರಗಿದ್ದ ಶಿಲೆ ಆರಿ ಗಟ್ಟಿಯಾದದ್ದು, ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಡೈನೋಸಾರುಗಳು ಕಾಣಿಸಿಕೊಂಡದ್ದೇ 23 ಕೋಟಿ ವರ್ಷಗಳ ಹಿಂದೆ. ಇದರೊಳಗೆ ಮೂಳೆಯೂ ಇರದು, ತತ್ತಿಯೂ ಇರದು. ಬಿಸಿಲು ಮಳೆಗೆ ಪದರ ಪದರವಾಗಿ ಸುಲಿದು ಕಲ್ಲು ದುಂಡಗಾಗಿದೆ, ಅಷ್ಟೆ—ಎಂದು ಪಾಠ ಒಪ್ಪಿಸಿದೆ. ಹುಡುಗನ ಮುಖ ಬಾಡಿತು.

ಈ ವಿಷಯದಲ್ಲಿ ನಮ್ಮ ಹಿರಿಯರು ನನಗಿಂತ ಉದಾರಿಗಳು. ಹಂಪಿಯ ಬಳಿ ನಿಂಬಾಪುರದ ಬೂದಿದಿಬ್ಬವನ್ನು ಕಂಡು, ವಾಲಿಯನ್ನು ಸುಟ್ಟ ಬೂದಿ ಇದು ಎಂದರು. ಇಂಥ ದಿಬ್ಬಗಳೆಲ್ಲ ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿ ಎಂದು ವಿದ್ವಾಂಸರು ಹೇಳಿದ ಮೇಲೂ ವಾಲಿ ಅಲ್ಲಿಂದ ಕದಲಿಲ್ಲ. ಒಮ್ಮೆ ಇಟ್ಟ ಹೆಸರನ್ನು ಕೀಳುವುದು ಸುಲಭವಲ್ಲ.

ಹುಡುಗನನ್ನು ಸಮಾಧಾನಪಡಿಸಲು ರಾಜಾಸಾರಸ್‌ನ ಕಥೆ ಹೇಳಬೇಕಾಯಿತು.

ಗುಜರಾತಿನ ಬಾಲಾಸಿನೋರ್ ಹತ್ತಿರ ರಹಿಯೋಲಿ ಎಂಬ ಹಳ್ಳಿ. ಅಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಸುರೇಶ್ ಶ್ರೀವಾಸ್ತವ ಅವರು 1982ರಿಂದ 1984ರ ವರೆಗೆ ನೂರಾರು ಮೂಳೆಗಳನ್ನು ಅಗೆದು ತೆಗೆದರು. ತೆಗೆದದ್ದಷ್ಟೇ ಅಲ್ಲ, ಯಾವ ಮೂಳೆ ಯಾವುದರ ಪಕ್ಕದಲ್ಲಿ ಬಿದ್ದಿತ್ತೆಂದು ನಕ್ಷೆಯನ್ನೂ ಬರೆದಿಟ್ಟರು. ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಆ ನಕ್ಷೆ. ಮುಂದೆ ಅಮೆರಿಕದ ಜೆಫ್ರಿ ವಿಲ್ಸನ್, ಪಾಲ್ ಸೆರೆನೋ ಅವರೂ ನಮ್ಮವರಾದ ಅಶೋಕ್ ಸಾಹ್ನಿ ಮೊದಲಾದವರೂ ಕೂಡಿ ಕುಳಿತಾಗ, ಚೆಲ್ಲಾಪಿಲ್ಲಿಯಾದ ಮೂಳೆಗಳಲ್ಲಿ ಇವಿಷ್ಟು ಒಂದೇ ಪ್ರಾಣಿಯವು ಎಂದು ಆರಿಸಲು ಒದಗಿದ್ದು ಆ ಕಾಗದವೇ. ಮಿದುಳಿನ ಚಿಪ್ಪು, ಸೊಂಟ, ಹಿಂಗಾಲು, ಬಾಲ ಇವುಗಳನ್ನು ಬೇರೆ ಪ್ರಾಣಿಗಳ ಮೂಳೆಗಳೊಡನೆ ಹೋಲಿಸಿ, ವರ್ಣನೆ ಬರೆದು ಅಚ್ಚು ಹಾಕಿಸಿದರು. 2003ರಲ್ಲಿ ನಾಮಕರಣವಾಯಿತು: ರಾಜಾಸಾರಸ್ ನರ್ಮದೆನ್ಸಿಸ್. ಸಾರಸ್ ಎಂದರೆ ಗ್ರೀಕಿನಲ್ಲಿ ಹಲ್ಲಿ. ಇಪ್ಪತ್ತು ಅಡಿಗೂ ಮಿಕ್ಕ ಉದ್ದದ, ತಲೆಯ ಮೇಲೆ ಗಿಡ್ಡ ಕೊಂಬು ಹೊತ್ತ ಆ ಮಾಂಸಾಹಾರಿಯನ್ನು ಹಲ್ಲಿ ಎನ್ನುವ ಧೈರ್ಯ ವಿದ್ವಾಂಸರಿಗೇ ಸರಿ. ಹಿಂದೆ 'ರಾಜ' ಸೇರಿಸಿದ್ದರಿಂದ ಸ್ವಲ್ಪ ಮರ್ಯಾದೆ ಉಳಿಯಿತು.

ಇಷ್ಟು ತಡವೇಕೆ ಎನ್ನಬಹುದು. ಅವಸರದ ಫಲವನ್ನೂ ಈ ಶಾಸ್ತ್ರ ಕಂಡಿದೆ. ಜಬಲ್ಪುರದ ಮೂಳೆಗಳಿಗೆ 1920ರ ದಶಕದಲ್ಲಿ ಮ್ಯಾಟ್ಲಿ ಎಂಬವರು ಲಮೆಟಾಸಾರಸ್ ಎಂದು ಹೆಸರಿಟ್ಟರು. ಅದರಲ್ಲಿ ಮಾಂಸಾಹಾರಿಯ ಮೂಳೆಯೂ ಬೇರೊಂದರ ಚರ್ಮದ ಫಲಕಗಳೂ ಕೂಡಿಕೊಂಡಿದ್ದವೆಂದು ಆಮೇಲಿನವರು ಕಂಡರು. ತೊಟ್ಟಿಲಲ್ಲಿ ಎರಡು ಕೂಸು, ಕಿವಿಯಲ್ಲಿ ಹೇಳಿದ್ದು ಒಂದೇ ಹೆಸರು!

ಹುಡುಗ ಎಲ್ಲವನ್ನೂ ಕೇಳಿ, "ಹಂಗಾರ ಇಪ್ಪತ್ತು ವರ್ಷ ಅದನ್ನ ಏನಂತ ಕರೀತಿದ್ರು?" ಎಂದ.

"ಏನಂತ ಕರೀತಾರ? ಪೆಟ್ಟಿಗ್ಯಾಗಿನ ಎಲುಬು ಅಂತ."

"ಪಾಪ" ಎಂದು ಕಲ್ಲನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡ.

ನನಗೆ ಅಲ್ಲಿಂದ ಮನೆಯವರೆಗೆ ಮಾತು ಹೊರಡಲಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಜನಗಣತಿಯವರು ಬಂದಿದ್ದರು. ಮಕ್ಕಳೆಷ್ಟು ಎಂದದ್ದಕ್ಕೆ ನಮ್ಮವ್ವ "ಐದು" ಎಂದಳು. ಹೆಸರು ಕೇಳಿದರೆ ನಾಲ್ಕು ಹೇಳಿ ಸುಮ್ಮನಾದಳು. ನಮ್ಮಪ್ಪ ಒಳಗಿನಿಂದಲೇ, "ನಾಕು ಅಂತ ಬರ್ಕೊಳ್ರಿ" ಎಂದು ಕೂಗಿದ. ಐದನೆಯದು ನನಗಿಂತ ಮೊದಲು ಹುಟ್ಟಿ ಒಂಬತ್ತನೆಯ ದಿನ ಹೋದದ್ದು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವುದೆಂದು ಗೊತ್ತಾಗಿತ್ತಂತೆ. ಸೋದರತ್ತೆ ಹೊರಟು ಬಂದೂ ಇದ್ದಳಂತೆ. ಅವ್ವ ಅದನ್ನು "ಆ ಕೂಸು" ಎನ್ನುತ್ತಿದ್ದಳು, ಬೇರೆ ಮಾತಿಲ್ಲ. ಯಾವ ಹೆಸರು ಇಡಬೇಕೆಂದಿದ್ದಳೋ, ಅವಳು ಹೇಳಲಿಲ್ಲ. ಅವಳು ಇರುವ ತನಕ ನಾನೂ ಕೇಳಲಿಲ್ಲ. ಪ್ರಾಣಿಯೊಂದರ ಹೆಸರಿಗಾಗಿ ಇಪ್ಪತ್ತು ವರ್ಷ ಕಾದವರ ಕಥೆಯನ್ನು ಇಷ್ಟು ಚೆನ್ನಾಗಿ ಹೇಳಬಲ್ಲವನಿಗೆ ಅದೊಂದು ಮಾತು ಕೇಳಲು ಬಾಯಿ ಬರಲಿಲ್ಲ.

ಕಲ್ಲು ಈಗ ನಮ್ಮ ಕಟ್ಟೆಯ ಮೇಲಿದೆ. ಮೊಮ್ಮಗ ಅದರ ಮೇಲೆ ಸೀಮೆಸುಣ್ಣದಲ್ಲಿ '1' ಎಂದು ಬರೆದು, ಸಿಕ್ಕ ಜಾಗದ ಗುರುತನ್ನು ನೋಟುಬುಕ್ಕಿನಲ್ಲಿ ಚಿತ್ರ ಮಾಡಿಟ್ಟಿದ್ದಾನೆ. ನಿನ್ನೆ ನಾನೇ, "ಇದಕ್ಕೇನು ಹೆಸರು ಇಡ್ತೀಯೋ?" ಎಂದೆ.

"ತಡಿ ತಾತಾ, ಇನ್ನೂ ನೋಡ್ಬೇಕು" ಎಂದ.