ಕೌದಿ ಕಟ್ಟಿದ ಗೋಡೆ

ಸಾಣಾಪುರ, ಶನಿವಾರ. ಕಾಕಾನಿಗೆ ನಿವೃತ್ತಿಯ ದುಡ್ಡು ಬಂದಿದೆ. ಮಲ್ಲಿಕಾರ್ಜುನ ಮನ್ಸೂರರ, ಭೀಮಸೇನ ಜೋಶಿಯವರ ಗಾಯನವನ್ನು ಮನೆಯಲ್ಲೇ ಕಿವಿ ತುಂಬ ಕೇಳಬೇಕೆಂಬುದು ಅವರ ಬಹಳ ವರ್ಷದ ಆಸೆ. ಬೆಂಗಳೂರಿನ ಅಂಗಡಿಯಲ್ಲಿ ಕೇಳಿ ಬಂದ ಹೊಸ ಸ್ಪೀಕರ್ ಜೋಡಿಗೆ 1,80,000 ರೂಪಾಯಿ. ಅದೇ ಕಂಪನಿಯ, ಹದಿನೈದು ವರ್ಷದ ಹಳೆಯ ಜೋಡಿ ಗಂಗಾವತಿಯ ಡಾಕ್ಟರೊಬ್ಬರ ಮನೆಯಲ್ಲಿ 65,000ಕ್ಕೆ ಸಿಗುತ್ತದೆ. ನನ್ನ ಕಿವಿಗೆ ಎರಡೂ ಒಂದೇ ಆದೀತು. ಹಾಗಾದರೆ ನಡುವಿನ ಲಕ್ಷಕ್ಕೂ ಮಿಕ್ಕ ರೂಪಾಯಿ ಯಾವುದರ ಬೆಲೆ?

"ಹೊಸಾದಕ್ಕ ರೊಕ್ಕ ಬೇಕು, ಹಳೇದಕ್ಕ ಕಿವಿ ಬೇಕು ತಮ್ಮಾ" ಅಂದರು ಕಾಕಾ.

ಭಾನುವಾರ, ಗಂಗಾವತಿ. ಹಳೆಯ ಸ್ಪೀಕರಿನಲ್ಲಿ ಏನು ಸಾಯುತ್ತದೆ ಎಂದು ತಿಳಿದುಕೊಂಡೆ. ಕೋನಿನ ಸುತ್ತ ಫೋಮಿನ ಅಂಚಿದ್ದರೆ ಹತ್ತು-ಹದಿನೈದು ವರ್ಷಕ್ಕೆ ಪುಡಿಪುಡಿಯಾಗುತ್ತದೆ. ರಬ್ಬರಿನ ಅಂಚು ಹೆಚ್ಚು ಕಾಲ ಬಾಳುತ್ತದೆ. ಡಾಕ್ಟರ ಜೋಡಿಗೆ ರಬ್ಬರು. ಕೋನನ್ನು ಎರಡು ಕೈಯ ಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿದೆ. ಕೆರೆದ ಸದ್ದಿಲ್ಲ, ಅಂದರೆ ಒಳಗಿನ ಸುರುಳಿ ಎಲ್ಲೂ ಉಜ್ಜುತ್ತಿಲ್ಲ. ಒಂದೂವರೆ ವೋಲ್ಟಿನ ಸೆಲ್ಲನ್ನು ತಂತಿಗೆ ಕ್ಷಣಕಾಲ ತಾಗಿಸಿದೆವು. ಎರಡೂ ಕೋನು ಮುಂದಕ್ಕೇ ಜಿಗಿದವು. ಒಂದು ಮುಂದೆ, ಒಂದು ಹಿಂದೆ ಹೋಗಿದ್ದರೆ ಹಾಡುವವರ ದನಿ ನಡುವೆ ನಿಲ್ಲದೆ ಚೆದುರಿಹೋಗುತ್ತಿತ್ತು. ಪೆಟ್ಟಿಗೆಯೊಳಗಿನ ಕೆಪಾಸಿಟರ್ ಒಣಗಿದೆಯೋ ಇಲ್ಲವೋ ಹೊರಗಿನಿಂದ ಕಾಣದು. ಅದು ಬದಲಿಸಬಹುದಾದ ವಸ್ತು, ಖರ್ಚೂ ಹೆಚ್ಚಲ್ಲ.

ಕಾಕಾನ ಪರೀಕ್ಷೆಯೇ ಬೇರೆ. ಅವರು ತಂಬೂರಿ ಹಾಕಿಸಿದರು. ಗಂಡುದನಿಗೆ ಹಾರ್ಮೋನಿಯಂನ ಕಪ್ಪು ಒಂದರಲ್ಲಿ ಶ್ರುತಿ ಮಾಡಿದರೆ ಖರ್ಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿ ಸುಮಾರು 69 ಹರ್ಟ್ಜ್. ಅದು ಮೈತುಂಬಿ ಕೇಳಿಸಿದರೆ ಸಾಕು, ಇನ್ನೂ ಕೆಳಗಿನ ಗುಡುಗು ಖಯಾಲಿಗೆ ಬೇಕಿಲ್ಲ. ಕೇಳಿಸಿತು. ಕಾಕಾ ಕಣ್ಣು ಮುಚ್ಚಿ ಬಹಳ ಹೊತ್ತು ಕೂತಿದ್ದರು.

"ಎರಡು ದಿನ ಒಯ್ದು ಮನ್ಯಾಗ ಕೇಳ್ರಿ, ಆಮ್ಯಾಲೆ ಹೇಳ್ರಿ" ಎಂದರು ಡಾಕ್ಟರ್ ಸಾಹೇಬರು.

ಸೋಮವಾರ, ಸಾಣಾಪುರ. ಗಂಗಾವತಿಯಲ್ಲಿ ಜೇನಿನಂತಿದ್ದ ದನಿ ಇಲ್ಲಿ ಸೀಳಿಕೊಂಡು ಬರುತ್ತಿದೆ. ಅದೇ ಸ್ಪೀಕರ್, ಅದೇ ಆಂಪ್ಲಿಫೈಯರ್, ಅದೇ ಹಾಡು. ಡಾಕ್ಟರ ಮನೆಯಲ್ಲಿ ಸೋಫಾ, ದಪ್ಪ ಪರದೆ, ಪುಸ್ತಕದ ಕಪಾಟು ಇದ್ದವು. ಕಾಕಾನದು ಕಲ್ಲಿನ ಗೋಡೆ, ಕಲ್ಲಿನ ನೆಲ, ಬರಿದಾದ ಪಡಸಾಲೆ. ಸ್ವರ ಗೋಡೆಗೆ ಬಡಿದು ಮರಳಿ ಬಂದು ತನ್ನನ್ನೇ ತುಳಿಯುತ್ತದೆ. ಹೊಳೆಯಾಚೆ ಹಂಪಿಯ ವಿಜಯವಿಠ್ಠಲನ ಗುಡಿಯ ಕಂಬಗಳಲ್ಲಿ ಕಲ್ಲೇ ಸ್ವರ ಕೊಡುತ್ತದೆ. ಈಚೆ ಅದೇ ಬಗೆಯ ಕಲ್ಲು ಸ್ವರ ಕೆಡಿಸುತ್ತದೆ. ಹೊಸ ಜೋಡಿಯನ್ನು ನಾವು ಕೇಳಿದ್ದು ಮೆತ್ತೆ ಹೊದಿಸಿದ ಕೋಣೆಯಲ್ಲಿ. ಹಾಗಾದರೆ ಅಲ್ಲಿ ಕೇಳಿದ್ದು ಸ್ಪೀಕರನ್ನೋ, ಕೋಣೆಯನ್ನೋ?

ಕಾಕು ಏನೂ ಮಾತಾಡದೆ ಒಳಗಿನಿಂದ ಎರಡು ಕೌದಿ ತಂದರು. ಹಳೆ ಸೀರೆ ಪದರ ಪದರವಾಗಿ ಹೊಲಿದ, ಕೈಗೆ ಭಾರವಾದ ಕೌದಿಗಳು. ಸ್ಪೀಕರಿಗೆ ಎದುರಿನ ಗೋಡೆಗೆ ಒಂದು, ಪಕ್ಕದ ಗೋಡೆಗೆ ಒಂದು ಕಟ್ಟಿದೆವು. ಪೆಟ್ಟಿಗೆಗಳನ್ನು ಗೋಡೆಯಿಂದ ಎರಡಡಿ ಮುಂದೆ ಎಳೆದೆವು. ಮನ್ಸೂರರು ಉಸಿರು ಎಳೆದುಕೊಂಡದ್ದು ಕೇಳಿಸಿತು.

ರಾತ್ರಿ ಕಾಕು ಹೊದೆಯಲು ಒಂದು ಕೌದಿ ಬಿಚ್ಚಿಕೊಂಡರು. "ಮುಂಜಾನೆ ಮತ್ತ ಕಟ್ಟೂಣು" ಎಂದರು ಕಾಕಾ, ಡಾಕ್ಟರಿಗೆ ಫೋನು ಹಚ್ಚುತ್ತ.