ಆರು ದಿನ

ಮೊನ್ನೆ ಲೇಹ್‌ನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಸೈನ್ಯದಲ್ಲಿದ್ದಾನೆ, ಮೊದಲ ಸಲ ಅಷ್ಟು ಎತ್ತರಕ್ಕೆ ಪೋಸ್ಟಿಂಗ್. "ಅಣ್ಣಾ, ಇಲ್ಲೆ ಕೆಲಸಾನ ಇಲ್ಲ ನೋಡು. ಮೊದಲ ಎರಡ ದಿನಾ ಮಕ್ಕೋರಿ ಅಂದ್ರು, ಈಗ ಸಾವಕಾಶ ಅಡ್ಡಾಡ್ರಿ ಅಂತಾರ. ಆರ ದಿನಾ ಹಿಂಗs ಅಂತ" ಎಂದು ನಗುತ್ತಿದ್ದ. ನಸುಕಿನಲ್ಲೆದ್ದು ಊರಿನ ರಸ್ತೆ ತುಂಬಾ ಓಡುತ್ತಿದ್ದ ಹುಡುಗ. ಸುಮ್ಮನೆ ಕೂರುವುದೆಂದರೆ ಅವನಿಗೆ ಶಿಕ್ಷೆ.

ನನಗೆ ಮಾತ್ರ ಬೇರೆ ಆರು ದಿನ ನೆನಪಾದವು. ನಿಮಗೂ ನೆನಪಿರಬಹುದು.

2016ರ ಫೆಬ್ರವರಿ. ನಾನಾಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ. 3ನೇ ತಾರೀಖು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. 8ರ ರಾತ್ರಿ ಹಿಮ ಕೊರೆದು ನೋಡಿದರೆ ಒಬ್ಬರಿಗೆ ಜೀವವಿತ್ತು. ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ!

ಮರುದಿನ ಊರಿಗೆ ಹೋದರೆ ಎಲ್ಲರೂ ಟಿವಿ ಮುಂದೆ. ಆಯಿ ಕೇಳಿದಳು, "ತಮ್ಮಾ, ನೀ ಇಂಜಿನಿಯರಿಂಗ್ ಓದಾಕತ್ತಿ. ಆ ಬರ್ಫದಾಗ ಅಂವಾ ಉಸರ ಹೆಂಗ ಆಡಿದಾ?"

"ಒಳಗ ಗಾಳಿ ಉಳದಿರತೈತಿ ಆಯಿ. ಮೈ ಅದಕ್ಕ ಹೊಂದ್ಕೋತೈತಿ. ಉಳೀತಾರ ಬಿಡು" ಅಂದೆ. ಬಹಳ ತಿಳಿದವನ ಹಾಗೆ.

10ರಂದು ವೈದ್ಯರು, ಮೆದುಳಿಗೆ ಆಮ್ಲಜನಕ ಸಿಗದಿದ್ದ ಗುರುತು ಸ್ಕ್ಯಾನ್‌ನಲ್ಲಿ ಕಾಣುತ್ತಿದೆ ಎಂದರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹನುಮಂತಪ್ಪ ತೀರಿಕೊಂಡರು. ಹುಬ್ಬಳ್ಳಿಗೆ ತಂದಾಗ ಆ ಜನಸಾಗರದಲ್ಲಿ ನಾನೂ ನಿಂತಿದ್ದೆ. ಆಯಿ ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು...

ಮೈ ಹೊಂದಿಕೊಳ್ಳುತ್ತದೆ ಅಂದದ್ದೇನೋ ಸುಳ್ಳಲ್ಲ. ಹೇಗೆ ಅಂತ ಗೊತ್ತಾಗಿದ್ದು 2019ರಲ್ಲಿ, ಬೆಂಗಳೂರಲ್ಲಿ ಮೊದಲ ಕೆಲಸಕ್ಕೆ ಸೇರಿದ ಹೊಸತರಲ್ಲಿ. ಆ ವರ್ಷದ ವೈದ್ಯಕೀಯ ನೊಬೆಲ್ ಸೆಮೆಂಜಾ, ರಾಟ್‌ಕ್ಲಿಫ್, ಕೇಲಿನ್ ಎಂಬ ಮೂವರಿಗೆ ಬಂದಿತ್ತು. ಆಮ್ಲಜನಕ ಕಡಿಮೆಯಾದದ್ದು ಜೀವಕೋಶಕ್ಕೆ ಹೇಗೆ ತಿಳಿಯುತ್ತದೆ ಎನ್ನುವುದೇ ಅವರ ವಿಷಯ.

ಕೇಳಿ, ವಿಚಿತ್ರವಾಗಿದೆ. ಹಿಫ್ ಎಂಬ ಪ್ರೋಟೀನಿನ ಒಂದು ಭಾಗವನ್ನು ಕೋಶ ಹಗಲೂ ರಾತ್ರಿ ತಯಾರಿಸುತ್ತಲೇ ಇರುತ್ತದೆ. ತಯಾರಾದ ಕೆಲವೇ ನಿಮಿಷದಲ್ಲಿ ಅದಕ್ಕೊಂದು ಗುರುತು ಅಂಟಿಸಿ ಒಡೆದು ಹಾಕುತ್ತದೆ! ಮಾಡೋದು, ಒಡೆಯೋದು. ನಮ್ಮ ಟೀಮಲ್ಲಿ ಯಾರಾದರೂ ಇಂಥ ಕೋಡ್ ಬರೆದರೆ ರಿವ್ಯೂನಲ್ಲಿ ವಾಪಸ್ ಕಳಿಸ್ತೀನಿ :)

ಮಜಾ ಇರುವುದು ಆ ಗುರುತಿನಲ್ಲಿ. ಅದನ್ನು ಅಂಟಿಸಲು ಆಮ್ಲಜನಕವೇ ಬೇಕು. ಆಮ್ಲಜನಕ ಕಡಿಮೆಯಾದರೆ ಗುರುತಿಲ್ಲ, ಗುರುತಿಲ್ಲದಿದ್ದರೆ ಒಡೆಯುವವರಿಲ್ಲ, ಹಿಫ್ ತಾನೇ ತಾನಾಗಿ ಕೂಡಿಕೊಳ್ಳುತ್ತದೆ. ಯಾರೂ ಹೋಗಿ ಗಂಟೆ ಬಾರಿಸಬೇಕಿಲ್ಲ. ಕೂಡಿದ ಹಿಫ್ ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಆಮ್ಲಜನಕವಿಲ್ಲದೆ ಸಕ್ಕರೆಯಿಂದ ಶಕ್ತಿ ಪಡೆಯುವ ದಾರಿಗೆ ಒತ್ತು ಬೀಳುತ್ತದೆ. ಮೂತ್ರಪಿಂಡದಿಂದ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನ್ ಹೊರಟು, ಕೆಂಪು ರಕ್ತಕಣ ಹೆಚ್ಚು ಮಾಡು ಅಂತ ಮೂಳೆಮಜ್ಜೆಗೆ ಹೇಳುತ್ತದೆ.

ಆದರೆ ಹಿಫ್ ಕೂಡಲು ನಿಮಿಷ ಸಾಕು, ಹಾರ್ಮೋನ್ ಏರಲು ಗಂಟೆಗಳು, ಹೊಸ ರಕ್ತಕಣ ಬರಲು ದಿನಗಳೇ ಬೇಕು. ಅದಕ್ಕೇ ಲೇಹ್‌ನಲ್ಲಿ ಆ ಆರು ದಿನ. ಅಲ್ಲಿಂದ ಮೇಲೆ ಹೋಗುವವರಿಗೆ ಮತ್ತೆ ನಾಲ್ಕು, ಮತ್ತೆ ನಾಲ್ಕು.

ಸೋನಂ ಇರುವುದು ಸುಮಾರು 19,600 ಅಡಿ ಎತ್ತರದಲ್ಲಿ, ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಅಲ್ಲಿದ್ದವರ ಮೈ ಈ ಸಿದ್ಧತೆಯನ್ನೆಲ್ಲ ಮೊದಲೇ ಮಾಡಿಕೊಂಡಿರುತ್ತದೆ. ಆದರೆ ಚೀಲ ಹೊರುವ ಆಳು ಎಷ್ಟಿದ್ದರೇನು, ಕಣದಲ್ಲಿ ಕಾಳಿರಬೇಕಲ್ಲ? ಮೆದುಳಿನ ಕೋಶಗಳಂತೂ ಕಾಯುವ ಜಾತಿಯವಲ್ಲ. ಆಮ್ಲಜನಕ ಪೂರ್ತಿ ನಿಂತರೆ ನಿಮಿಷಗಳಲ್ಲೇ ಸಾಯತೊಡಗುತ್ತವೆ. ಆಯಿಗೆ ನಾನು ಹೇಳದೇ ಬಿಟ್ಟದ್ದು ಇದನ್ನೇ.

ನಿನ್ನೆ ಫೋನ್ ಮಾಡಿದಾಗ ಆಯಿ ಮೊದಲು ಕೇಳಿದ್ದೇ ಮೊಮ್ಮಗನ ಸುದ್ದಿ. "ಉಸರಾಟ ಚಲೋ ಐತೇನ ಅವಂದು?" ಈ ಸಲ ಹಾರಿಸಲಿಲ್ಲ. ರಕ್ತ, ಗಾಳಿ, ದಿನದ ಲೆಕ್ಕ, ಎಲ್ಲಾ ನಿಧಾನಕ್ಕೆ ಹೇಳಿದೆ. ಯಾವುದಕ್ಕೆ ಮೈ ಹೊಂದಿಕೊಳ್ಳುವುದಿಲ್ಲ ಅನ್ನೋದನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹೋಗಿ ಎಷ್ಟ ದಿನಾ ಆತು?"

"ನಾಕು."

"ಹಂಗಾರ ಇನ್ನೆರಡ ದಿನಾ ಅವಂಗ ಫೋನ್ ಹಚ್ಚಬ್ಯಾಡ. ಮಕ್ಕೊಳ್ಳಿ."